ತಿರುವಿನಲ್ಲಿ ಟಕ್ ಟಕ್: ಸದ್ದು ಒಂದೋ, ಎರಡೋ?

ಪ್ರಶ್ನೆ: ನಮ್ಮದು 2013ರ ಸಣ್ಣ ಪೆಟ್ರೋಲ್ ಕಾರು. ಸೆಕೆಂಡ್ ಹ್ಯಾಂಡ್ ತಗೊಂಡದ್ದು, ಈಗ 88 ಸಾವಿರ ಕಿಲೋಮೀಟರ್ ಆಗಿದೆ. ಬೆಟಗೇರಿಯಿಂದ ಅಣ್ಣಿಗೇರಿ ಹತ್ತಿರದ ಹಳ್ಳಿ ಶಾಲೆಗೆ ದಿನಾ ಹೋಗಿ ಬರುತ್ತೇನೆ. ಎರಡು ತಿಂಗಳಿಂದ ಸ್ಟೀರಿಂಗ್ ತಿರುಗಿಸಿದರೆ ಟಕ್ ಟಕ್ ಅನ್ನುತ್ತದೆ. ಮನೆ ಗೇಟು ದಾಟಿ ಬಲಕ್ಕೆ ಹೊರಳುವಾಗ ಜಾಸ್ತಿ. ನೆಟ್ಟಗೆ ಹೋಗುವಾಗ ಏನೂ ಇಲ್ಲ. ಪಾರ್ಕ್ ಮಾಡುವಾಗ ನಿಂತಲ್ಲೇ ತಿರುಗಿಸಿದರೂ ಒಮ್ಮೊಮ್ಮೆ ಟಣ್ ಅನ್ನುತ್ತದೆ. ಗದಗಿನ ಮೆಕ್ಯಾನಿಕ್ ಒಬ್ಬರು ಸ್ಟೀರಿಂಗ್ ಬಾಕ್ಸ್ ಹೋಗಿದೆ ಅಂದರು. ಹುಬ್ಬಳ್ಳಿಯಲ್ಲಿ ತೋರಿಸಿದರೆ ಎರಡೂ ಕಡೆ ಆಕ್ಸಲ್ ಹಾಕಿಸಿ ಅಂದರು. ಯಾರ ಮಾತು ನಂಬಲಿ? ಹಾಗೇ ಓಡಿಸಿದರೆ ಅಪಾಯವೇ? ಫೆಬ್ರುವರಿಯಲ್ಲಿ ರಸ್ತೆ ಮೇಲೆ ಒಕ್ಕಲು ಹಾಕಿದ್ದ ಕಡ್ಲಿ ಗಿಡ ಎಡಗಾಲಿ ಹಿಂದೆ ಸಿಕ್ಕಿಕೊಂಡಿತ್ತು, ನಾನೇ ಎಳೆದು ತೆಗೆದಿದ್ದೆ. ಅದಕ್ಕೂ ಇದಕ್ಕೂ ಸಂಬಂಧ ಇದೆಯೋ ಇಲ್ಲವೋ ಗೊತ್ತಿಲ್ಲ.

ಉತ್ತರ:

ಅಕ್ಕೋರ, ನಿಮ್ಮ ಪತ್ರ ಎರಡು ಸಲ ಓದಿದೆ. ಮುಕ್ಕಾಲು ಉತ್ತರ ಅದರೊಳಗೇ ಇದೆ. ನೀವು ಒಂದು ಸದ್ದು ಅಂದುಕೊಂಡು ಬರೆದದ್ದು ನನ್ನ ಲೆಕ್ಕದಲ್ಲಿ ಎರಡು ಸದ್ದು. ಗಾಡಿ ಸಾಗುವಾಗ ಬರುವ ಟಕ್ ಟಕ್ ಬೇರೆ, ನಿಂತಲ್ಲಿ ಬರುವ ಟಣ್ ಬೇರೆ. ಎರಡೂ ಸ್ಟೀರಿಂಗ್ ತಿರುಗಿಸಿದಾಗಲೇ ಬರುವುದರಿಂದ ಒಂದೇ ಅನ್ನಿಸುತ್ತದೆ. ಬಹುಶಃ ಗದಗಿನವರು ನಿಂತ ಗಾಡಿಯ ಸದ್ದು ಕೇಳಿದ್ದಾರೆ, ಹುಬ್ಬಳ್ಳಿಯವರು ಓಡಿಸಿ ನೋಡಿದ್ದಾರೆ. ಇಬ್ಬರೂ ತಮಗೆ ಕೇಳಿಸಿದ್ದಕ್ಕೆ ಔಷಧ ಹೇಳಿದ್ದಾರೆ. ನೀವು ಸ್ಟೀರಿಂಗ್ ಬಾಕ್ಸ್, ಅಂದರೆ ಸ್ಟೀರಿಂಗ್ ತಿರುವಿದ್ದನ್ನು ಗಾಲಿಗೆ ಮುಟ್ಟಿಸುವ ಪೆಟ್ಟಿಗೆ, ಹಾಕಿಸಿದ್ದರೆ ದೊಡ್ಡ ದುಡ್ಡು ಹೋಗಿ ಎರಡೂ ಸದ್ದು ಹಾಗೇ ಉಳಿಯುವ ಸಂಭವ ಇತ್ತು. ಎರಡೂ ಆಕ್ಸಲ್ ಹಾಕಿಸಿದ್ದರೆ ಒಂದು ಸದ್ದು ಹೋಗಿ ಇನ್ನೊಂದು ಉಳಿಯುತ್ತಿತ್ತು.

ನಾನು ಗ್ಯಾರೇಜಿಗೆ ಬರುವ ಹುಡುಗರಿಗೆ ಮೊದಲು ಕಲಿಸುವುದು ಇದೊಂದೇ. ಸದ್ದು ಗಾಲಿಯ ಲೆಕ್ಕಕ್ಕೆ ಬರುತ್ತದೋ, ಕೈಯ ಲೆಕ್ಕಕ್ಕೆ ಬರುತ್ತದೋ ನೋಡು. ಗಾಡಿ ಜೋರಾದಂತೆ ಸದ್ದೂ ಬೇಗ ಬೇಗ ಬಂದರೆ ಅದು ಗಾಲಿಯ ಸಂಗಡ ತಿರುಗುವ ಯಾವುದೋ ಸಾಮಾನಿನದು. ಗಾಡಿ ನಿಂತಿದ್ದರೂ ಸ್ಟೀರಿಂಗ್ ತಿರುವಿದಷ್ಟಕ್ಕೇ ಬಂದರೆ ಅದು ಸ್ಟೀರಿಂಗಿನ ಸಂಗಡ ಹೊರಳುವ ಸಾಮಾನಿನದು. ಬಾನೆಟ್ ಎತ್ತುವ ಮೊದಲೇ ಈ ಒಂದು ಪ್ರಶ್ನೆಗೆ ಉತ್ತರ ಸಿಕ್ಕರೆ ಅರ್ಧ ಸಾಮಾನು ಪಟ್ಟಿಯಿಂದ ಹೊರಗೆ ಹೋಗುತ್ತವೆ. ನಿಮ್ಮ ಟಕ್ ಟಕ್ ಗಾಲಿಯ ಲೆಕ್ಕದ್ದು, ಟಣ್ ಕೈಯ ಲೆಕ್ಕದ್ದು.

ಗಾಲಿಯ ಲೆಕ್ಕದ್ದನ್ನೇ ಮೊದಲು ನೋಡೋಣ. ತಡ ಮಾಡಿದಷ್ಟೂ ಖರ್ಚು ಬೆಳೆಯುವುದು ಅದರಲ್ಲೇ.

ನಿಮ್ಮ ಕಾರಿನಲ್ಲಿ ಎಂಜಿನ್ನಿನ ಶಕ್ತಿ ಮುಂದಿನ ಗಾಲಿಗೆ ಹೋಗುತ್ತದೆ. ಅದೇ ಮುಂದಿನ ಗಾಲಿ ಎಡಕ್ಕೂ ಬಲಕ್ಕೂ ಹೊರಳಬೇಕು. ಗುಂಡಿ ಬಂದರೆ ಮೇಲೆ ಕೆಳಗೆ ಆಡಬೇಕು. ಇಷ್ಟೆಲ್ಲ ಆಡುತ್ತಲೇ ಒಂದೇ ಸಮನೆ ತಿರುಗಬೇಕು. ಗೇರ್ ಬಾಕ್ಸಿನಿಂದ ಗಾಲಿಗೆ ಬರುವ ಸರಳು, ಅಂದರೆ ನಾವು ಆಕ್ಸಲ್ ಅನ್ನುವುದು, ಗಾಲಿಯ ಹತ್ತಿರ ಒಂದು ಕೀಲಿನಲ್ಲಿ ಮುಗಿಯುತ್ತದೆ. ಅದೇ ಸಿ.ವಿ. (ಕಾನ್‌ಸ್ಟಂಟ್ ವೆಲಾಸಿಟಿ) ಜಾಯಿಂಟ್, ಬಾಗಿದರೂ ಒಂದೇ ವೇಗದಲ್ಲಿ ತಿರುಗುವ ಕೀಲು. ಹೊರಗಿನಿಂದ ನೋಡಿದರೆ ದೊಡ್ಡ ಪೇರಲ ಹಣ್ಣಿನಷ್ಟು ಗಾತ್ರದ ಉಕ್ಕಿನ ಬಟ್ಟಲು. ಒಳಗೆ ಉಕ್ಕಿನ 6 ಗುಂಡುಗಳು 6 ಕಾಲುವೆಗಳಲ್ಲಿ ಕೂತಿರುತ್ತವೆ. ಅವು ಚದುರದಂತೆ ಕಿಂಡಿ ಕೊರೆದ ಒಂದು ಬಳೆ ಹಿಡಿದಿರುತ್ತದೆ. ಆಲ್ಫ್ರೆಡ್ ರೆಪ್ಪಾ ಎಂಬ ಎಂಜಿನಿಯರ್ 1926ರಲ್ಲಿ ರೂಪಿಸಿದ ಕೀಲು ಇದು. 1959ರಲ್ಲಿ ಇಂಗ್ಲೆಂಡಿನಲ್ಲಿ ಬಂದ ಮಿನಿ ಕಾರಿಗೆ ಇದನ್ನು ಹಾಕಿದರು. ಮುಂದಿನ ಗಾಲಿಗೆ ಡ್ರೈವ್ ಇರುವ ಸಣ್ಣ ಕಾರುಗಳ ಕಾಲ ಅಲ್ಲಿಂದ ಬೆಳೆಯಿತು. ನಮ್ಮ ದೇಶದಲ್ಲಿ ಇದು ಊರೂರಿಗೆ ಬಂದದ್ದು 1983ರ ಡಿಸೆಂಬರಿನಲ್ಲಿ ಶುರುವಾದ ಮಾರುತಿ 800ರಿಂದ.

ಅದಕ್ಕೂ ಮೊದಲು ನಮ್ಮ ರಸ್ತೆಗಳಲ್ಲಿ ಇದ್ದದ್ದು ಅಂಬಾಸಿಡರ್, ಪದ್ಮಿನಿ. ಅವುಗಳಲ್ಲಿ ಎಂಜಿನ್ ಮುಂದಿದ್ದರೂ ಶಕ್ತಿ ಹೋಗುತ್ತಿದ್ದದ್ದು ಹಿಂದಿನ ಗಾಲಿಗೆ. ಮುಂದಿನ ಗಾಲಿ ಹೊರಳುವ ಕೆಲಸ ಮಾತ್ರ ಮಾಡುತ್ತಿತ್ತು. ಹಾಗಾಗಿ ತಿರುವಿನಲ್ಲಿ ಸದ್ದು ಬಂದರೆ ಸ್ಟೀರಿಂಗಿನ ಕಡೆಯೇ ಕೈ ಹೋಗುವುದು ಆಗಿನವರಿಗೆ ಸಹಜ. ನನಗೆ ಕೆಲಸ ಕಲಿಸಿದ ಉಸ್ತಾದರು ಅಂಬಾಸಿಡರಿನಲ್ಲಿ ಪಳಗಿದವರು. ಮೊದಮೊದಲು ಬಂದ ಮಾರುತಿಗಳ ಆಕ್ಸಲ್ ಬಿಚ್ಚಿ, ಗುಂಡುಗಳನ್ನು ಅಂಗೈಯಲ್ಲಿ ಹಾಕಿಕೊಂಡು ಬೆಳಕಿಗೆ ಹಿಡಿದು ನೋಡಿ, ‘ಇದು ಸ್ಟೀರಿಂಗ್ ಬ್ಯಾನಿ ಅಲ್ಲಪಾ, ಗಾಲಿ ಬ್ಯಾನಿ’ ಅನ್ನುತ್ತಿದ್ದರು. ತಿರುವಿನ ಸದ್ದು ಅಂದಕೂಡಲೇ ಸ್ಟೀರಿಂಗ್ ಬಾಕ್ಸ್ ಅನ್ನುವ ರೂಢಿ ಇವತ್ತಿಗೂ ಕೆಲವರಲ್ಲಿ ಉಳಿದಿದೆ.

ಈ ಮಾತು ನಿಮ್ಮ ಓಣಿಯ ಬೇರೆಯವರಿಗೂ ಬೇಕಾದೀತು. ಓಮ್ನಿ, ಇಕೋ, ಬೊಲೆರೊ ಇದ್ದವರು ಇದೇ ಸದ್ದು ಹೇಳಿಕೊಂಡು ಬಂದರೆ ನಾನು ಸಿ.ವಿ. ಜಾಯಿಂಟಿನ ಮಾತೇ ಎತ್ತುವುದಿಲ್ಲ. ಅವು ಹಿಂದಿನ ಗಾಲಿಯಿಂದ ಓಡುವ ಗಾಡಿಗಳು, ಮುಂದಿನ ಗಾಲಿಗೆ ಆ ಕೀಲೇ ಇರುವುದಿಲ್ಲ. ಹಿಂದಕ್ಕೆ ಹೋಗುವ ಉದ್ದ ಶಾಫ್ಟಿನ ಕ್ರಾಸ್ ಕೀಲು ಹೋದರೆ ಗೇರ್ ಹಾಕಿ ಕ್ಲಚ್ ಬಿಡುವಾಗ ಕಟ್ ಅನ್ನುತ್ತದೆ. ಗಾಡಿ ಎಡಕ್ಕೆ ಹೋಗಲಿ ಬಲಕ್ಕೆ ಹೋಗಲಿ, ಅದಕ್ಕೆ ಫರಕು ಇಲ್ಲ.

ಈಗ ನೆಟ್ಟಗೆ ಹೋಗುವಾಗ ಸುಮ್ಮನಿದ್ದು ಹೊರಳಿದಾಗ ಮಾತ್ರ ಟಕ್ ಅನ್ನುವುದು ಯಾಕೆ? ಗಾಡಿ ನೆಟ್ಟಗೆ ಹೋಗುವಾಗ ಆ 6 ಗುಂಡುಗಳು ಕಾಲುವೆಯ ನಡುಮಧ್ಯ ಒಂದೇ ಜಾಗದಲ್ಲಿ ಕೂತಿರುತ್ತವೆ. ವರ್ಷಗಟ್ಟಲೆ ಅಲ್ಲೇ ಒತ್ತಿ ಒತ್ತಿ ಅಲ್ಲೊಂದು ಸಣ್ಣ ತಗ್ಗು ಬೀಳುತ್ತದೆ. ತಗ್ಗಿನಲ್ಲಿ ಕೂತ ಗುಂಡಿಗೆ ಸದ್ದು ಮಾಡುವ ಕಾರಣವಿಲ್ಲ. ನೀವು ಸ್ಟೀರಿಂಗ್ ಪೂರ್ತಿ ತಿರುವಿದಾಗ ಕೀಲು ಬಾಗುತ್ತದೆ. ಆಗ ಗಾಲಿ ಒಂದು ಸುತ್ತು ಬರುವಷ್ಟರಲ್ಲಿ ಪ್ರತಿ ಗುಂಡೂ ಕಾಲುವೆಯ ಉದ್ದಕ್ಕೆ ಒಮ್ಮೆ ಹೋಗಿ ಬರಬೇಕು. ಹೋಗುವಾಗ ತಗ್ಗಿನ ಅಂಚನ್ನು ಹತ್ತಿ ಇಳಿಯುತ್ತದೆ. ಸವೆದ ಕಿಂಡಿಯಲ್ಲಿ ಗುಂಡು ಸಡಿಲವಾಗಿದ್ದರೆ ಜಿಗಿದು ಬೀಳುತ್ತದೆ. ಆ ಜಿಗಿತವೇ ನಿಮಗೆ ಕೇಳುವ ಟಕ್. ನಿಮ್ಮಂಥ ಸಣ್ಣ ಕಾರಿನ ಟಯರು ಒಂದು ಸುತ್ತು ಬಂದರೆ ಗಾಡಿ ಸುಮಾರು 1.7 ಮೀಟರ್ ಮುಂದೆ ಹೋಗುತ್ತದೆ. ಗಂಟೆಗೆ 10 ಕಿಲೋಮೀಟರ್ ವೇಗದಲ್ಲಿ ಗಾಲಿ ನಿಮಿಷಕ್ಕೆ ನೂರು ಸುತ್ತಿನ ಆಸುಪಾಸು. ಗೇಟು ದಾಟಿ ಹೊರಳುವಾಗ ನಿಮಗೆ ಗೋಡೆ ಗಡಿಯಾರಕ್ಕಿಂತ ತುಸು ಬಿರುಸಾಗಿ ಟಕ್ ಟಕ್ ಟಕ್ ಕೇಳುತ್ತಿದ್ದರೆ ಲೆಕ್ಕ ಸರಿಯಾಗಿ ಕೂಡುತ್ತದೆ.

ಉಕ್ಕಿಗೆ ಉಕ್ಕು ಉಜ್ಜುವ ಜಾಗ ಇದು. ಇಷ್ಟಾದರೂ ಚೆನ್ನಾಗಿ ಕಾದುಕೊಂಡ ಜಾಯಿಂಟ್ ಒಂದು ಲಕ್ಷ ಕಿಲೋಮೀಟರ್ ದಾಟಿಯೂ ಬಾಳುತ್ತದೆ. ಅದನ್ನು ಕಾಯುವುದು ಒಂದು ರಬ್ಬರಿನ ಚೀಲ, ಕೆಲವು ನೂರು ರೂಪಾಯಿಯದ್ದು. ಅದೇ ಆಕ್ಸಲ್ ಬೂಟ್. ಹಾರ್ಮೋನಿಯಂ ತಿದಿಯ ಹಾಗೆ ಮಡಿಕೆ ಮಡಿಕೆಯಾಗಿ, ಒಂದು ತುದಿ ಬಟ್ಟಲಿಗೆ ಇನ್ನೊಂದು ತುದಿ ಸರಳಿಗೆ ಪಟ್ಟಿಯಿಂದ ಬಿಗಿದುಕೊಂಡಿರುತ್ತದೆ. ಒಳಗೆ ಕಪ್ಪು ಗ್ರೀಸ್. ಆ ಕಪ್ಪು ಮಾಲಿಬ್ಡಿನಂ ಡೈಸಲ್ಫೈಡಿನದು. ಭಾರ ಬಿದ್ದಾಗಲೂ ಉಕ್ಕಿನ ನಡುವೆ ತೆಳ್ಳಗೆ ಹಾಸಿಕೊಂಡು ನಿಲ್ಲುವ ಗುಣ ಅದಕ್ಕಿದೆ. ಬೂಟ್ ಹರಿದರೆ ಗಾಲಿ ತಿರುಗುವ ರಭಸಕ್ಕೆ ಗ್ರೀಸ್ ಹೊರಗೆ ಸಿಡಿಯುತ್ತದೆ. ಆ ದಾರಿಯಿಂದಲೇ ನೀರು, ಧೂಳು, ಮಣ್ಣು ಒಳಗೆ ಹೋಗುತ್ತವೆ. ಉಳಿದ ಗ್ರೀಸ್ ಮಣ್ಣಿನ ಜೊತೆ ಕಲೆತು ಸಾಣೆ ಹಿಡಿಯುವ ಲೇಪದಂತೆ ಗುಂಡನ್ನೂ ಕಾಲುವೆಯನ್ನೂ ತಿನ್ನತೊಡಗುತ್ತದೆ. ನನ್ನ ಕೈಗೆ ಬಂದ ಕೆಟ್ಟ ಸಿ.ವಿ. ಜಾಯಿಂಟುಗಳಲ್ಲಿ ಬಹುಪಾಲು ಸತ್ತದ್ದು ಬೂಟ್ ಹರಿದದ್ದರಿಂದ. ವಯಸ್ಸಾಗಿ ಸತ್ತವು ಕಡಿಮೆ.

ಈಗ ನಿಮ್ಮ ಪತ್ರದ ಕೊನೆಯ ಸಾಲಿಗೆ ಬರುತ್ತೇನೆ. ಸಂಬಂಧ ಇದೆಯೋ ಇಲ್ಲವೋ ಅಂತ ಬರೆದಿದ್ದೀರಿ. ಇದೆ ಅಂತಲೇ ನನಗನ್ನಿಸುತ್ತದೆ. ಸುಗ್ಗಿ ಕಾಲದಲ್ಲಿ ನವಲಗುಂದ, ಅಣ್ಣಿಗೇರಿ, ರೋಣದ ಕಡೆ ರಸ್ತೆ ತುಂಬ ರಾಶಿ ಹಾಸಿರುತ್ತಾರೆ. ಓಡಾಡುವ ಗಾಡಿಗಳೇ ಒಕ್ಕಿಕೊಡಲಿ ಅಂತ. ರೈತರ ಕಷ್ಟ ನನಗೆ ಗೊತ್ತು, ಕಣ ಮಾಡುವ ಜಾಗವೂ ಕೂಲಿಯವರೂ ಸಿಗದ ಕಾಲ ಇದು. ಗಾಡಿಗೆ ಮಾತ್ರ ಅದು ಒಳ್ಳೆಯದಲ್ಲ. ಒಣಗಿದ ಕಡ್ಲಿ ಗಿಡ ತಂತಿಯಂತೆ ಗಡಸಾಗಿರುತ್ತದೆ. ತಿರುಗುವ ಆಕ್ಸಲಿಗೆ ಒಮ್ಮೆ ಸಿಕ್ಕರೆ ಸುತ್ತಿಕೊಳ್ಳುತ್ತ ಹೋಗಿ, ಬೂಟಿನ ಸಣ್ಣ ತುದಿಯ ಪಟ್ಟಿಯನ್ನು ಕಿತ್ತು ಹಾಕುತ್ತದೆ, ಇಲ್ಲವೇ ಮಡಿಕೆಯನ್ನೇ ಕೊಯ್ಯುತ್ತದೆ.

ಹಿಂದೊಮ್ಮೆ ನವಲಗುಂದ ಕಡೆಯ ರೈತರೊಬ್ಬರು ಕಾರು ತಂದಿದ್ದರು. ಗಾಲಿ ಬಿಚ್ಚಿ ನೋಡಿದರೆ ಆಕ್ಸಲ್ ಕಾಣುತ್ತಲೇ ಇಲ್ಲ, ತೋಳಿನಷ್ಟು ದಪ್ಪ ಹುಲ್ಲಿನ ಸುರುಳಿ. ಕುಡಗೋಲು ಹಾಕಿ ಕೊಯ್ದು ತೆಗೆಯಬೇಕಾಯಿತು. ಕೆಳಗೆ ಬೂಟಿಗೆ ಸುತ್ತಲೂ ದಾರದಿಂದ ಕೊಯ್ದಂತೆ ಒಂದೇ ಗೆರೆ. ಅವರ ಗಾಡಿ ಆಗ ಇನ್ನೂ ಸದ್ದು ಮಾಡುತ್ತಿರಲಿಲ್ಲ. ತೊಳೆದು, ಹೊಸ ಗ್ರೀಸ್ ತುಂಬಿ, ಬೂಟ್ ಒಂದನ್ನೇ ಹಾಕಿ ಕಳಿಸಿದೆ. ನೀವು ಎಡಗಾಲಿ ಹಿಂದೆ ಸಿಕ್ಕದ್ದನ್ನು ತೆಗೆದದ್ದು ಒಳ್ಳೆಯದೇ, ಎಳೆಯದೆ ಕತ್ತರಿಸಿ ತೆಗೆಯಬೇಕಿತ್ತು ಅಷ್ಟೇ. ಬೂಟ್ ಆಗಲೇ ಹರಿದಿದ್ದರೆ ಅದು ನಿಮ್ಮ ಕಣ್ಣಿಗೆ ಬೀಳುವ ಜಾಗವಲ್ಲ. ಫೆಬ್ರುವರಿಯಿಂದ ದಿನಾ ಆ ರಸ್ತೆಯ ಧೂಳು ಕುಡಿದು, ಮುಂಗಾರು ಮಳೆ ಬಿದ್ದ ಮೇಲೆ ಎರಿ (ಕಪ್ಪು) ಮಣ್ಣಿನ ನೀರು ಕುಡಿದು, ಈಗ ಕೂಗುತ್ತಿದೆ. ಬಲಕ್ಕೆ ಹೊರಳುವಾಗ ಭಾರ ಎಡಗಾಲಿಗೆ ಬೀಳುತ್ತದೆ, ಸವೆದ ಎಡ ಜಾಯಿಂಟ್ ಸಾಮಾನ್ಯವಾಗಿ ಆಗಲೇ ಜೋರಾಗಿ ಬಡಿಯುತ್ತದೆ. ಹುಲ್ಲು ಸಿಕ್ಕದ್ದೂ ಎಡಕ್ಕೇ. ಎರಡೂ ಒಂದೇ ಕಡೆ ಬೆರಳು ತೋರಿಸುತ್ತಿವೆ.

ಬೆರಳು ತೋರಿಸಿದ ಮಾತ್ರಕ್ಕೆ ದುಡ್ಡು ಬಿಚ್ಚಬೇಡಿ. ಕಣ್ಣಿಂದ ನೋಡಿ ಖಾತ್ರಿ ಮಾಡಿಕೊಳ್ಳಿ. ಇದಕ್ಕೆ ಜಾಕೂ ಬೇಡ, ಪಾನಾನೂ ಬೇಡ. ಸಪಾಟಾದ ಜಾಗದಲ್ಲಿ ಗಾಡಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಸ್ಟೀರಿಂಗನ್ನು ಪೂರ್ತಿ ಬಲಕ್ಕೆ ತಿರುಗಿಸಿ ಎಂಜಿನ್ ಬಂದ್ ಮಾಡಿ. ಈಗ ಎಡಗಾಲಿಯ ಮುಂಭಾಗ ಒಳಕ್ಕೆ ಹೋಗಿ ಹಿಂಭಾಗ ಹೊರಕ್ಕೆ ಬಂದಿರುತ್ತದೆ. ಟಯರಿನ ಹಿಂದೆ ಕೂತು, ಮೊಬೈಲಿನ ಬ್ಯಾಟರಿ ಹಾಕಿ ಒಳಗೆ ಇಣುಕಿ. ಮಡಿಕೆ ಮಡಿಕೆಯ ಕಪ್ಪು ರಬ್ಬರ್ ಕಾಣುತ್ತದಲ್ಲ, ಅದೇ ಬೂಟ್. ಗಾಲಿಯ ಒಳಮೈ, ಶಾಕಪ್ಪಿನ (ಶಾಕ್ ಅಬ್ಸಾರ್ಬರಿನ) ಕೊಳವೆ, ಮಡ್‌ಗಾರ್ಡಿನ ಒಳಗೆ ಕಪ್ಪು ಗ್ರೀಸ್ ಕಮಾನಿನಂತೆ ಸಿಡಿದಿದ್ದರೆ ಬೂಟ್ ಹರಿದದ್ದು ಖರೆ. ಸಿಡಿದ ಗುರುತು ಇಲ್ಲವೆಂದು ಬಿಟ್ಟು ಬರಬೇಡಿ. ಮಡಿಕೆಯನ್ನು ಹೆಬ್ಬೆರಳಿಂದ ಅಗಲಿಸಿ ನೋಡಿ. ಸೀಳು ಸಾಮಾನ್ಯವಾಗಿ ಮಡಿಕೆಯ ತಗ್ಗಿನಲ್ಲಿರುತ್ತದೆ, ಮುಚ್ಚಿಕೊಂಡಾಗ ಕೂದಲಿನಷ್ಟೂ ಕಾಣುವುದಿಲ್ಲ, ಅಗಲಿಸಿದಾಗ ಬಾಯಿ ಬಿಡುತ್ತದೆ. ಒಣಗಿದ ಎರಿ ಮಣ್ಣು ಮೆತ್ತಿದ್ದರೆ ಮೊದಲು ನೀರು ಹಾಕಿ ನೆನೆಸಿ. ಚಾಕು, ಸ್ಕ್ರೂಡ್ರೈವರಿನಿಂದ ಕೆರೆಯಬೇಡಿ. ಹಾಗೆ ಕೆರೆದು ಚೆನ್ನಾಗಿದ್ದ ಬೂಟಿಗೆ ತೂತು ಮಾಡಿದ್ದನ್ನು ನೋಡಿದ್ದೇನೆ. ಆಮೇಲೆ ಎಡಕ್ಕೆ ತಿರುಗಿಸಿ ಬಲಗಡೆಯದನ್ನೂ ಹೀಗೇ ನೋಡಿ.

ಓಡಿಸಿ ನೋಡುವುದು ಎರಡನೆಯ ಪರೀಕ್ಷೆ. ಊರ ಹೊರಗಿನ ಖಾಲಿ ಲೇಔಟ್ ಇದ್ದರೆ ಸಾಕು. ಕಿಟಕಿ ನಾಲ್ಕೂ ಇಳಿಸಿ, ರೇಡಿಯೋ ಬಂದ್ ಮಾಡಿ, ಸ್ಟೀರಿಂಗ್ ಪೂರ್ತಿ ಬಲಕ್ಕೆ ತಿರುವಿ ನಡೆಯುವ ವೇಗದಲ್ಲಿ ಒಂದು ಸುತ್ತು ಹಾಕಿ. ನಡುವೆ ಆಕ್ಸಿಲರೇಟರ್ ತುಸು ಒತ್ತಿ, ಬಿಡಿ, ಮತ್ತೆ ಒತ್ತಿ. ಒತ್ತಿದಾಗ ಟಕ್ ಟಕ್ ಜೋರಾಗಿ, ಬಿಟ್ಟಾಗ ಸಣ್ಣದಾದರೆ ಅದು ಸಿ.ವಿ. ಜಾಯಿಂಟಿನ ಸ್ಪಷ್ಟ ಗುರುತು. ಭಾರ ಬಿದ್ದಾಗಲೇ ಅದು ಕೂಗುವುದು. ಎಡಕ್ಕೂ ಒಂದು ಸುತ್ತು, ರಿವರ್ಸಿನಲ್ಲೂ ಒಂದು ಸುತ್ತು ಹಾಕಿ. ಯಾವ ಕಡೆಯದೆಂದು ತಿಳಿಯದಿದ್ದರೆ ಯಾರದಾದರೂ ಉದ್ದನೆಯ ಕಂಪೌಂಡ್ ಗೋಡೆಯ ಪಕ್ಕದಲ್ಲಿ ನಿಧಾನವಾಗಿ ಹಾವಿನಂತೆ ಹೊರಳಿಸುತ್ತ ಹೋಗಿ. ಗೋಡೆಗೆ ಬಡಿದು ಬರುವ ಸದ್ದು ಗೋಡೆ ಕಡೆಯ ಗಾಲಿಯದನ್ನು ಎತ್ತಿ ತೋರಿಸುತ್ತದೆ. ವಾಪಸ್ ಬರುವಾಗ ಗೋಡೆ ಇನ್ನೊಂದು ಪಕ್ಕಕ್ಕೆ ಇರುತ್ತದೆ, ಎರಡನ್ನೂ ಹೋಲಿಸಬಹುದು.

ಇದಕ್ಕೆಲ್ಲ ಮೊದಲು ಒಂದು ಕೆಲಸ ಇದೆ, ಐದು ನಿಮಿಷದ್ದು. ಗಾಲಿಯ ನಟ್ಟುಗಳು ಬಿಗಿಯಾಗಿವೆಯೇ ನೋಡಿ. ಪಂಕ್ಚರ್ ತೆಗೆಸಿ ಹೆಚ್ಚು ದಿನ ಆಗಿರದಿದ್ದರಂತೂ ಇವತ್ತೇ ನೋಡಿ. ಸಡಿಲ ನಟ್ಟೂ ತಿರುವಿನಲ್ಲಿ ಟಕ್ ಅನ್ನುತ್ತದೆ, ಮತ್ತು ಅದು ಗಾಲಿ ಕಳಚುವ ಮುನ್ಸೂಚನೆ. ಹಾಗೇ ಟಯರಿನ ಗೀರುಗಳಲ್ಲಿ ಜಲ್ಲಿ ಕಲ್ಲು ಸಿಕ್ಕಿದೆಯೇ, ಪ್ಲಾಸ್ಟಿಕ್ ಗಾಲಿ ಮುಚ್ಚಳ ಸಡಿಲವಿದೆಯೇ ನೋಡಿ. ಕಲ್ಲಿನ ಸದ್ದು ನೆಟ್ಟಗೆ ಹೋಗುವಾಗಲೂ ಬರುತ್ತದೆ, ಆದ್ದರಿಂದ ನಿಮ್ಮದು ಅದಲ್ಲ ಅಂತಲೇ ನನ್ನ ಅಂದಾಜು.

ಇನ್ನು ನಿಂತಲ್ಲಿ ಬರುವ ಟಣ್. ಗಾಲಿ ಸುತ್ತುತ್ತಿಲ್ಲ ಅಂದಮೇಲೆ ಸಿ.ವಿ. ಜಾಯಿಂಟನ್ನು ಬಿಡಿ. ಕೈಯ ಜೊತೆ ಹೊರಳುವ ಸಾಮಾನುಗಳಲ್ಲಿ ಹುಡುಕಬೇಕು. ನಿಮ್ಮ ಕಾರಿನಂಥವುಗಳಲ್ಲಿ ಮುಂದಿನ ಶಾಕಪ್ಪಿನ ತಲೆ ಬಾನೆಟ್ಟಿನ ಒಳಗೆ ಎಡಬಲ ಮೂಲೆಯಲ್ಲಿ ಬಾಡಿಗೆ ಕೂತಿರುತ್ತದೆ. ಸ್ಟೀರಿಂಗ್ ತಿರುವಿದಾಗ ಶಾಕಪ್ಪೂ ಅದರ ಸುತ್ತಲಿನ ಸ್ಪ್ರಿಂಗೂ ಗಾಲಿಯ ಜೊತೆ ಹೊರಳುತ್ತವೆ. ಹೊರಳುವುದಕ್ಕೆ ತಲೆಯಲ್ಲಿ ಒಂದು ಬೇರಿಂಗ್, ಮೇಲೆ ರಬ್ಬರಿನ ಮೌಂಟಿಂಗ್. ಬೇರಿಂಗಿಗೆ ಧೂಳು ನೀರು ಹೊಕ್ಕು ಬಿಗಿದುಕೊಂಡರೆ ಸ್ಪ್ರಿಂಗ್ ಸಲೀಸಾಗಿ ಹೊರಳದೆ ಹುರಿಗೊಳ್ಳುತ್ತದೆ. ಹುರಿ ಜಾಸ್ತಿಯಾದಾಗ ಒಮ್ಮೆಲೇ ಬಿಟ್ಟುಕೊಳ್ಳುತ್ತದೆ, ಟಣ್! ಲೋಹದ ತಂತಿ ಮೀಟಿದ ಹಾಗೆ ಸ್ವಲ್ಪ ನಾದ ಉಳಿದರೆ ಅದು ಸ್ಪ್ರಿಂಗಿನದೇ. ನೀವು ಪತ್ರದಲ್ಲಿ ಇದಕ್ಕೆ ಟಕ್ ಅನ್ನದೆ ಟಣ್ ಅಂತ ಬರೆದಿದ್ದೀರಿ. ನಿಮ್ಮ ಕಿವಿ ಸರಿಯಾಗಿಯೇ ಕೇಳಿದೆ ಅನ್ನಿಸುತ್ತದೆ.

ಪರೀಕ್ಷೆ ಸುಲಭ, ಇನ್ನೊಬ್ಬರು ಬೇಕು. ಗೇರ್ ನ್ಯೂಟ್ರಲ್, ಹ್ಯಾಂಡ್ ಬ್ರೇಕ್ ಎಳೆದು ಎಂಜಿನ್ ಚಾಲೂ ಇಡಿ. ಸೀರೆಯ ಸೆರಗು, ದುಪಟ್ಟಾ, ಜಡೆ ಎಂಜಿನ್ನಿನ ಬೆಲ್ಟಿಗೂ ಫ್ಯಾನಿಗೂ ದೂರ ಇರಲಿ. ಒಬ್ಬರು ಸ್ಟೀರಿಂಗನ್ನು ಈ ಕೊನೆಯಿಂದ ಆ ಕೊನೆಗೆ ನಿಧಾನವಾಗಿ ತಿರುಗಿಸಲಿ. ಇನ್ನೊಬ್ಬರು ಬಾನೆಟ್ ಎತ್ತಿ ಶಾಕಪ್ಪಿನ ತಲೆಯ ಮೇಲೆ ಬೆರಳಿಟ್ಟಿರಲಿ. ಟಣ್ ಅಂದ ಕ್ಷಣಕ್ಕೆ ಬೆರಳಿಗೆ ಸಣ್ಣ ಹೊಡೆತ ಬಡಿದರೆ ಅದೇ ಮೌಂಟಿಂಗ್. ಎಡ, ಬಲ ಎರಡನ್ನೂ ಮುಟ್ಟಿ ನೋಡಿ. ಕಿವಿ ಮೋಸ ಹೋಗಬಹುದು, ಗಾಡಿಯ ತಗಡಿನಲ್ಲಿ ಸದ್ದು ಎಲ್ಲಿಂದ ಎಲ್ಲಿಗೋ ಹರಿದಾಡುತ್ತದೆ. ಬೆರಳು ಮೋಸ ಹೋಗುವುದು ಅಪರೂಪ.

ಹೊಡೆತ ಶಾಕಪ್ಪಿನ ತಲೆಗೆ ಬಾರದೆ ಸ್ಟೀರಿಂಗ್ ಹಿಡಿದವರ ಅಂಗೈಗೇ ಬಂದರೆ ಒಳಗಿನ ಸಾಮಾನು ನೋಡಬೇಕು. ಪೆಡಲ್‌ಗಳ ಮೇಲೆ ಸ್ಟೀರಿಂಗ್ ಕಂಬದ ಕೆಳಗೆ ಒಂದು ಸಣ್ಣ ಕ್ರಾಸ್ ಕೀಲು ಇರುತ್ತದೆ, ಅದು ಸವೆದರೆ ಕಟ್ ಕಟ್ ಅನ್ನುತ್ತದೆ. ಕೆಲವು ಎಲೆಕ್ಟ್ರಿಕ್ ಪವರ್ ಸ್ಟೀರಿಂಗ್ ಗಾಡಿಗಳಲ್ಲಿ ಮೋಟಾರಿನ ಹತ್ತಿರ ಬೆಲ್ಲದ ಅಚ್ಚಿನಷ್ಟು ಸಣ್ಣ ರಬ್ಬರ್ ಕಪ್ಲಿಂಗ್ ಇರುತ್ತದೆ. ಅದು ಪುಡಿಯಾದರೂ ಇದೇ ಸದ್ದು. ಸ್ಟೀರಿಂಗ್ ಚಕ್ರದ ಹಿಂದೆಯೇ ಸರಸರ, ಚಿಟ್ ಅಂದರೆ ಹಾರ್ನ್ ಮತ್ತು ಏರ್‌ಬ್ಯಾಗಿಗೆ ಕರೆಂಟ್ ಒಯ್ಯುವ ಸುರುಳಿ ಪಟ್ಟಿ ಇರಬಹುದು. ಅಂಥ ಗಾಡಿಯಲ್ಲಿ ಹಾರ್ನ್ ಆಗಾಗ ಕೈಕೊಡುತ್ತದೆ, ಏರ್‌ಬ್ಯಾಗ್ ದೀಪ ಉರಿಯುತ್ತದೆ. ಏರ್‌ಬ್ಯಾಗ್ ಇರುವ ಸ್ಟೀರಿಂಗನ್ನು ರಸ್ತೆ ಬದಿಯಲ್ಲಿ ಬಿಚ್ಚಲು ಯಾರಿಗೂ ಕೊಡಬೇಡಿ. ಅದು ಪಟಾಕಿಯಂತೆ ಸಿಡಿಯುವ ಸಾಮಾನು, ಬ್ಯಾಟರಿ ತಪ್ಪಿಸಿ ಸ್ವಲ್ಪ ಹೊತ್ತು ಕಾದು ಮುಟ್ಟಬೇಕಾದ್ದು.

ಸ್ಟೀರಿಂಗ್ ಬಾಕ್ಸಿನ ಮಾತು. ಅದು ನಿಜವಾಗಿ ಸವೆದಿದ್ದರೆ ನಿಮಗೆ ಬೇರೆ ದೂರುಗಳಿರುತ್ತಿದ್ದವು. ನೆಟ್ಟಗೆ ಹೋಗುವಾಗಲೇ, ತಗ್ಗು ದಿಬ್ಬ ಬಂದಾಗ ಸ್ಟೀರಿಂಗಿನಲ್ಲಿ ಕಟಕಟ ಬಡಿತ. ಸ್ಟೀರಿಂಗ್ ಚಕ್ರ ಒಂದೆರಡು ಬೆರಳಿನಷ್ಟು ಆಡಿದರೂ ಗಾಲಿ ಮಿಸುಕದ ಸಡಿಲ. ಎಣ್ಣೆಯ ಪವರ್ ಸ್ಟೀರಿಂಗ್ ಆಗಿದ್ದರೆ ಸೋರಿಕೆ. ಇವೊಂದನ್ನೂ ನೀವು ಬರೆದಿಲ್ಲ. ನೆಟ್ಟಗೆ ಹೋಗುವಾಗ ಏನೂ ಇಲ್ಲ ಅಂತ ಸ್ಪಷ್ಟವಾಗಿ ಬರೆದಿದ್ದೀರಿ. ಆ ಸಾಲು ಓದಿಯೇ ನಾನು ಬಾಕ್ಸನ್ನು ಪಟ್ಟಿಯ ಕೊನೆಗೆ ಹಾಕಿದೆ.

ಆದರೆ ಪಟ್ಟಿಯಲ್ಲಿ ಎರಡು ಸಾಮಾನು ಇವೆ, ಅವು ನಿಮ್ಮ ಸದ್ದಿಗೆ ಕಾರಣ ಅಲ್ಲದಿದ್ದರೂ ಗಾಲಿ ಎತ್ತಿದಾಗ ನೋಡಲೇಬೇಕು. ಸ್ಟೀರಿಂಗಿನಿಂದ ಗಾಲಿಗೆ ಬರುವ ಸರಳಿನ ತುದಿಯ ಕೀಲು, ಅಂದರೆ ಟೈ ರಾಡ್ ಎಂಡ್, ಮತ್ತು ಗಾಲಿಯನ್ನು ಕೆಳಗಿನಿಂದ ಹಿಡಿದಿರುವ ತೋಳಿನ, ಅಂದರೆ ಲೋವರ್ ಆರ್ಮಿನ, ಬಾಲ್ ಜಾಯಿಂಟ್. ಇವು ಜೀವದ ಪ್ರಶ್ನೆ. ಮೆಕ್ಯಾನಿಕ್ ಗಾಡಿಯನ್ನು ಜಾಕಿನಿಂದ ಎತ್ತಿ ಕೆಳಗೆ ಸ್ಟ್ಯಾಂಡ್ ಕೊಟ್ಟ ಮೇಲೆ (ಬರೀ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಯಾರೂ ಹೋಗಬಾರದು) ಗಾಲಿಯ ಎಡಬಲ ಅಂಚು ಹಿಡಿದು ಅಲುಗಿಸಲಿ. ಆಡಿದರೆ ಟೈ ರಾಡ್ ಕಡೆ ಸಂಶಯ. ಮೇಲೆ ಕೆಳಗೆ ಹಿಡಿದು ಅಲುಗಿಸಿದಾಗ ಆಡಿದರೆ ಬಾಲ್ ಜಾಯಿಂಟ್ ಅಥವಾ ಗಾಲಿ ಬೇರಿಂಗ್. ಎರಡರಲ್ಲಿ ಯಾವುದು ಅಂತ ತಿಳಿಯಲು ನೀವು ಒಳಗೆ ಕೂತು ಬ್ರೇಕ್ ಒತ್ತಿ ಹಿಡಿಯಿರಿ. ಆಟ ನಿಂತರೆ ಬೇರಿಂಗ್, ನಿಲ್ಲದಿದ್ದರೆ ಬಾಲ್ ಜಾಯಿಂಟ್. ಬಾಲ್ ಜಾಯಿಂಟ್ ಕಳಚಿದರೆ ಗಾಲಿ ಮಡಚಿ ಬೀಳುತ್ತದೆ, ಗಾಡಿ ಹಿಡಿತಕ್ಕೆ ಸಿಗುವುದಿಲ್ಲ. ಅದರಲ್ಲಿ ಸಡಿಲ ಕಂಡರೆ ಅದೇ ದಿನ ಹಾಕಿಸಬೇಕು, ಗಾಡಿ ಮನೆಗೂ ಒಯ್ಯಬಾರದು.

ಸಿ.ವಿ. ಜಾಯಿಂಟ್ ಅಷ್ಟು ತುರ್ತಿನದಲ್ಲ, ನಿಮ್ಮ ಅಪಾಯದ ಪ್ರಶ್ನೆಗೆ ಉತ್ತರ ಇದು. ಟಕ್ ಟಕ್ ಶುರುವಾದ ಜಾಯಿಂಟ್ ಸಾಮಾನ್ಯವಾಗಿ ಕೆಲವು ವಾರ ಎಳೆಯುತ್ತದೆ. ಹಾಗಂತ ಎರಡು ತಿಂಗಳು ಕಳೆದಿರುವ ನಿಮ್ಮದನ್ನು ಇನ್ನು ಮುಂದೂಡಬೇಡಿ. ಪೂರ್ತಿ ಮುರಿದರೆ ಸ್ಟೀರಿಂಗೂ ಬ್ರೇಕೂ ಇರುತ್ತವೆ, ಆದರೆ ಎಂಜಿನ್ ಗರ್ ಅಂದರೂ ಗಾಡಿ ಮುಂದೆ ಹೋಗುವುದಿಲ್ಲ. ಗದಗ-ಹುಬ್ಬಳ್ಳಿ ಹೆದ್ದಾರಿಯಲ್ಲಿ ಲಾರಿಗಳ ನಡುವೆ, ಬಲಕ್ಕೆ ಹೊರಳಿ ರಸ್ತೆ ದಾಟುವ ಹೊತ್ತಿನಲ್ಲಿ ಅದು ಆಗುವುದು ಬೇಡ. ರಿಪೇರಿ ಆಗುವವರೆಗೆ ಪೂರ್ತಿ ತಿರುವಿ ಆಕ್ಸಿಲರೇಟರ್ ಒತ್ತುವುದನ್ನು ಬಿಡಿ. ಗೇಟಿನಿಂದ ಅಗಲವಾಗಿ, ನಿಧಾನವಾಗಿ ಹೊರಳಿ.

ರಿಪೇರಿಯಲ್ಲಿ ಏನು ಕೇಳಬೇಕು ಅಂತ ಹೇಳುತ್ತೇನೆ. ಬೂಟ್ ಮಾತ್ರ ಹರಿದು ಜಾಯಿಂಟ್ ಇನ್ನೂ ಸುಮ್ಮನಿದ್ದರೆ ತೊಳೆದು, ಗ್ರೀಸ್ ತುಂಬಿ, ಬೂಟ್ ಹಾಕಿದರೆ ಸಾಕು. ನಿಮ್ಮದು ಆ ಹಂತ ದಾಟಿದೆ. ತಗ್ಗು ಬಿದ್ದ ಕಾಲುವೆಗೆ ಎಷ್ಟು ಗ್ರೀಸ್ ತುಂಬಿದರೂ ಸದ್ದು ಕೆಲವು ದಿನ ಮರೆಯಾಗಿ ಮತ್ತೆ ಬರುತ್ತದೆ. ಎಡಗಡೆಯ ಹೊರ ಜಾಯಿಂಟ್ ಹೊಸದು ಬೇಕು. ಹೆಚ್ಚಿನ ಗಾಡಿಗಳಿಗೆ ಹೊರ ಜಾಯಿಂಟ್ ಬೂಟು, ಗ್ರೀಸ್, ಪಟ್ಟಿ ಸಮೇತ ಬಿಡಿಯಾಗಿ ಸಿಗುತ್ತದೆ. ಇಡೀ ಆಕ್ಸಲ್ ಹಾಕಬೇಕಾಗುವುದು ಒಳಗಡೆಯ ಜಾಯಿಂಟೂ ಹೋಗಿದ್ದರೆ. ಒಳಗಿನದು ಹೋದರೆ ತಿರುವಿನಲ್ಲಿ ಟಕ್ ಟಕ್ ಬರುವುದಕ್ಕಿಂತ ನೆಟ್ಟಗೆ ಹೋಗುವಾಗ ಆಕ್ಸಿಲರೇಟರ್ ಒತ್ತಿದರೆ ಗಾಡಿ ನಡುಗುತ್ತದೆ. ನಿಮಗೆ ಆ ನಡುಕ ಇಲ್ಲ. ಬಲಗಡೆ ಬೂಟ್ ಗಟ್ಟಿಯಿದ್ದು ಸದ್ದಿಲ್ಲದಿದ್ದರೆ ಅದನ್ನು ಮುಟ್ಟುವ ಕಾರಣವೇ ಇಲ್ಲ. ಎರಡೂ ಕಡೆ ಜೋಡಿಯಾಗಿ ಬದಲಿಸುವ ನಿಯಮ ಬ್ರೇಕ್ ಪ್ಯಾಡಿಗೆ, ಶಾಕಪ್ಪಿಗೆ. ಆಕ್ಸಲಿಗೆ ಅಲ್ಲ.

ಗ್ರೀಸಿನ ಬಗ್ಗೆ ಸ್ವಲ್ಪ ಹಟ ಹಿಡಿಯಿರಿ. ಡಬ್ಬಿಯಲ್ಲಿರುವ ಹಳದಿ ಗ್ರೀಸ್ ಬೇಡ. ಜಾಯಿಂಟಿನ ಜೊತೆ ಪಾಕೀಟಿನಲ್ಲಿ ಬಂದ ಕಪ್ಪು ಗ್ರೀಸನ್ನು ಪೂರ್ತಿ ಬಳಸಲಿ, ಅರ್ಧ ಬಟ್ಟಲಿಗೆ, ಉಳಿದರ್ಧ ಬೂಟಿಗೆ. ನಡುವೆ ಸೀಳಿ ಅಂಟಿಸುವ ಬೂಟ್ ಸಿಗುತ್ತದೆ, ಆಕ್ಸಲ್ ಬಿಚ್ಚದೆ ಹಾಕಬಹುದು ಅಂತ ಹೇಳುತ್ತಾರೆ. ನಮ್ಮ ಧೂಳು, ನಮ್ಮ ಎರಿ ಮಣ್ಣಿನಲ್ಲಿ ಆ ಅಂಟು ನಿಲ್ಲುವುದನ್ನು ನಾನು ನೋಡಿಲ್ಲ. ಆಕ್ಸಲ್ ಎಳೆದಾಗ ಗೇರ್ ಎಣ್ಣೆ ಸ್ವಲ್ಪ ಸೋರುತ್ತದೆ. ಸೋರಿದಷ್ಟು ಮತ್ತೆ ತುಂಬಿದರೋ ಇಲ್ಲವೋ ಕೇಳಿ, ಅಲ್ಲಿನ ಆಯಿಲ್ ಸೀಲೂ ನೋಡಿಸಿ. ಗಾಲಿ ನಡುವಿನ ದೊಡ್ಡ ಆಕ್ಸಲ್ ನಟ್ ಹೊಸದು ಹಾಕಿ, ಕಂಪನಿ ಹೇಳಿದ ಬಿಗಿಗೆ ಬಿಗಿದು, ಬಿಚ್ಚಿಕೊಳ್ಳದಂತೆ ಅದರ ಅಂಚು ಬಡಿದು ಮಡಚಬೇಕು. ಅದು ಸಡಿಲ ಉಳಿದರೆ ಹಿಂದೆ ಮುಂದೆ ಮಾಡುವಾಗ ಒಂದೊಂದೇ ಟಕ್ ಅಂತ ಇನ್ನೊಂದು ಸದ್ದು ಹುಟ್ಟುತ್ತದೆ. ಎ.ಬಿ.ಎಸ್. (ಬ್ರೇಕ್ ಒತ್ತಿದಾಗ ಗಾಲಿ ಪೂರ್ತಿ ಹಿಡಿದುಕೊಳ್ಳದಂತೆ ನೋಡುವ ವ್ಯವಸ್ಥೆ) ಇರುವ ಗಾಡಿಯಾದರೆ, ಕೆಲವದರಲ್ಲಿ ಜಾಯಿಂಟಿನ ಮೈಮೇಲೆ ಹಲ್ಲಿನ ಬಳೆ ಇರುತ್ತದೆ. ಹಳೆಯದು, ಹೊಸದು ಎರಡರ ಹಲ್ಲು ಎಣಿಸಿ ತಾಳೆ ನೋಡಬೇಕು. ಶಾಕಪ್ ಮೌಂಟಿಂಗ್ ಹೋಗಿದೆ ಅಂತ ಬೆರಳು ಹೇಳಿದ್ದರೆ ಆ ಕೆಲಸ ಇದರ ಸಂಗಡವೇ ಮಾಡಿಸಿ. ಹೇಗಿದ್ದರೂ ಗಾಲಿ ಬಿಚ್ಚಿರುತ್ತಾರೆ, ಮಜೂರಿ ಒಂದು ಉಳಿಯುತ್ತದೆ. ಶಾಕಪ್ ಬಿಚ್ಚಿದ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಲೇಬೇಕು.

ಮುಂದೆ ಸುಗ್ಗಿಯಲ್ಲಿ ರಾಶಿ ಮೇಲೆ ಗಾಡಿ ಹಾಯಿಸಲೇಬೇಕಾಗಿ ಬಂದರೆ ನಿಧಾನ ಹಾಯಿಸಿ, ದಾಟಿದ ಕೂಡಲೇ ಪಕ್ಕಕ್ಕೆ ನಿಲ್ಲಿಸಿ ಕೆಳಗೆ ಇಣುಕಿ. ಎಂಜಿನ್ನಿನ ಬಿಸಿ ಕೊಳವೆಗೆ ಹುಲ್ಲು ತಾಗಿ ಬೆಂಕಿ ಹತ್ತಿದ್ದೂ ಉಂಟು. ಸಿಕ್ಕದ್ದನ್ನು ಎಳೆಯದೆ ಕತ್ತರಿಯಿಂದ ತುಂಡು ಮಾಡಿ ತೆಗೆಯಿರಿ. ಎಳೆದರೆ ಬೂಟಿನ ಪಟ್ಟಿಯೂ ಅದರ ಜೊತೆ ಬರುತ್ತದೆ. ಮಳೆಗಾಲದಲ್ಲಿ ಹೊಲದ ದಾರಿಗೆ ಹೋಗಿ ಬಂದ ದಿನ ಗಾಲಿ ಒಳಗಿನ ಮಣ್ಣು ಹಸಿ ಇರುವಾಗಲೇ ಪೈಪ್ ಹಿಡಿದು ತೊಳೆಯಿರಿ. ಎರಿ ಮಣ್ಣು ಒಂದು ರಾತ್ರಿ ಒಣಗಿದರೆ ಕಲ್ಲು. ಬೆಳಗ್ಗೆ ಗಾಡಿ ತೆಗೆದಾಗ ಆ ಕಲ್ಲೇ ಬೂಟಿನ ಮಡಿಕೆಯನ್ನು ತಿಕ್ಕುತ್ತದೆ.

ರಿಪೇರಿ ಮುಗಿದ ಮೇಲೆ ದುಡ್ಡು ಕೊಡುವ ಮೊದಲು ಮೆಕ್ಯಾನಿಕನ್ನು ಪಕ್ಕದಲ್ಲಿ ಕೂರಿಸಿಕೊಂಡು ಪೂರ್ತಿ ಬಲಕ್ಕೆ ಒಂದು ಸುತ್ತು, ನಿಂತಲ್ಲಿ ಒಮ್ಮೆ ಎಡ, ಒಮ್ಮೆ ಬಲ ತಿರುವಿ ತೋರಿಸಿ. ಎರಡೂ ಸದ್ದು ಹೋಗಿರಬೇಕು. ಹಳೆಯ ಜಾಯಿಂಟನ್ನು ಕೇಳಿ ಇಸಿದುಕೊಳ್ಳಿ, ಅದು ನಿಮ್ಮದೇ. ಸೀಮೆಎಣ್ಣೆಯೋ ಡೀಸೆಲ್ಲೋ ಹಾಕಿ ತೊಳೆದು ಗುಂಡುಗಳನ್ನು ಹೊರಗೆ ತೆಗೆಸಿ, ಒಳಗಿನ ಕಾಲುವೆಯ ಉದ್ದಕ್ಕೂ ಉಗುರು ಎಳೆದು ನೋಡಿ. ಕಾಲುವೆಯ ನಡುವೆ ಒಂದು ಕಡೆ ಉಗುರು ತಡೆದು ನಿಲ್ಲುತ್ತದೆ. ಎರಡು ತಿಂಗಳಿಂದ ನಿಮ್ಮ ಗೇಟಿನ ಮುಂದೆ ಟಕ್ ಟಕ್ ಅನ್ನುತ್ತಿದ್ದ ಜಾಗ ಅದೇ.